ಕಾಡು ಮೊದಲೋ, ಮರ ಮೊದಲೋ? ಹಾಳೆ, ಕತ್ತರಿ ಹಿಡಿದು ನೀವೇ ನೋಡಿ

ಬಸ್ ಸ್ಟ್ಯಾಂಡಿನ ಗದ್ದಲದಲ್ಲೂ ಅಣ್ಣನ ಮುಖ ದೂರದಿಂದಲೇ ಗುರುತು ಸಿಗುತ್ತದೆ. ಅದೇ ಅಣ್ಣನ ಹುಬ್ಬು ಮೂಗಿನ ಮೇಲೆ ಕೂಡಿಕೊಂಡಿದೆಯೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇವೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಉಂಡವರಿಗೂ ಇದೇ ಗತಿ. ಕಣ್ಣು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟ ಹಾಗೆ ಮೂಗು, ಬಾಯಿ, ಹುಬ್ಬು ಜೋಡಿಸಿಕೊಂಡು ಮುಖ ಕಟ್ಟುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಎಷ್ಟೋ ಸಲ ಇಡಿಯೇ ಮೊದಲು ಬಂದು ಕೂರುತ್ತದೆ, ಬಿಡಿಗಳನ್ನು ಮರೆಮಾಡಿಯೂ ಬಿಡುತ್ತದೆ.

ನನ್ನ ಮಾತು ನಂಬಬೇಕಾಗಿಲ್ಲ. ಒಂದು ಭಾನುವಾರದ ಮಧ್ಯಾಹ್ನ ಸಾಕು, ಮನೆಯಲ್ಲೇ ಪರೀಕ್ಷೆ ಮಾಡಬಹುದು. ಚಿತ್ರ ಬರೆಯಲು ಬರುವುದಿಲ್ಲ ಎಂದು ಭಯಪಡಬೇಡಿ, ನನಗೂ ಬರುವುದಿಲ್ಲ.

ಬೇಕಾದ ಸಾಮಾನು: ಬಿಳಿ ಹಾಳೆ, ಪೆನ್ಸಿಲ್, ರಬ್ಬರ್, ಕಪ್ಪು ಸ್ಕೆಚ್ ಪೆನ್, ಸ್ಕೇಲ್, ಕತ್ತರಿ, ಗಮ್, ಸಿನಿಮಾ ಪುಟವಿರುವ ಹಳೆಯ ಪತ್ರಿಕೆಗಳು, ಸ್ಟಾಪ್‌ವಾಚ್ ಇರುವ ಮೊಬೈಲ್. ಜೊತೆಗೆ ಒಬ್ಬ ಮನುಷ್ಯ. ಇದು ಮುಖ್ಯ, ಏಕೆಂದರೆ ಕಾರ್ಡು ಮಾಡಿದವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ತಂಗಿ, ಪಕ್ಕದ ಮನೆಯ ಹುಡುಗ, ಅಜ್ಜಿ, ಯಾರಾದರೂ ಆಗುತ್ತದೆ.

ಮೊದಲು ಚುಕ್ಕಿ

ಹಂತ 1. ಹಾಳೆಯ ಮೇಲೆ ಐದು ಸಾಲು, ಸಾಲಿಗೆ ಐದರಂತೆ ಚುಕ್ಕಿ ಇಡಿ. ಅಡ್ಡಕ್ಕೂ ಉದ್ದಕ್ಕೂ ಚುಕ್ಕಿಯಿಂದ ಚುಕ್ಕಿಗೆ 2 ಸೆಂಟಿಮೀಟರ್. ಕಣ್ಣಂದಾಜು ಬೇಡ, ಸ್ಕೇಲ್ ಇಟ್ಟೇ ಅಳೆಯಿರಿ.

ಹಂತ 2. ಇನ್ನೊಂದು ಹಾಳೆ ತೆಗೆದುಕೊಂಡು ಅಷ್ಟೇ ಚುಕ್ಕಿ ಇಡಿ. ಈ ಸಲ ಅಡ್ಡಕ್ಕೆ 1 ಸೆಂಟಿಮೀಟರ್, ಉದ್ದಕ್ಕೆ 2.

ಹಂತ 3. ಎರಡನ್ನೂ ಜೊತೆಗಾರರಿಗೆ ತೋರಿಸಿ, "ಅಡ್ಡ ಸಾಲೋ, ಉದ್ದ ಸಾಲೋ?" ಎಂದು ಕೇಳಿ.

ಮೊದಲನೆಯದಕ್ಕೆ ಉತ್ತರ ತೂಗುಯ್ಯಾಲೆ ಆಡುತ್ತದೆ. ಎರಡನೆಯದಕ್ಕೆ ಯೋಚಿಸುವ ಮೊದಲೇ "ಅಡ್ಡ" ಎಂದು ಬಂದುಬಿಡುತ್ತದೆ. ನೀವು ಒಂದು ಗೆರೆಯನ್ನೂ ಎಳೆದಿಲ್ಲ, ನೆನಪಿರಲಿ. ಹತ್ತಿರ ಇರುವುದನ್ನು ಕಣ್ಣೇ ಗುಂಪು ಕಟ್ಟಿಕೊಂಡಿತು. ಜರ್ಮನಿಯ ಮಾಕ್ಸ್ ವರ್ತೈಮರ್ 1923ರಲ್ಲಿ ಇಂಥದ್ದೇ ಚುಕ್ಕಿಗಳನ್ನಿಟ್ಟು ಗುಂಪು ಕಟ್ಟುವ ನಿಯಮಗಳನ್ನು ಬರೆದರು. ದಿನಾ ಬೆಳಿಗ್ಗೆ ಚುಕ್ಕಿ ರಂಗೋಲಿ ಇಡುವವರಿಗೆ ಇದು ಹೊಸದಲ್ಲ. ಗೆರೆ ಕೂಡಿಸುವ ಮೊದಲೇ ಅವರಿಗೆ ಹೂವು ಕಂಡಿರುತ್ತದೆ.

ರಕಾರದ ಹೊಟ್ಟೆಯಲ್ಲಿ ಗಕಾರ

1977ರಲ್ಲಿ ಇಸ್ರೇಲಿನ ಮನೋವಿಜ್ಞಾನಿ ಡೇವಿಡ್ ನಾವೊನ್ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರ ಜೋಡಿಸಿ ಒಂದು ದೊಡ್ಡ ಅಕ್ಷರ ಮಾಡಿದರು. ಸಣ್ಣ 'ಎಸ್'ಗಳಿಂದ ಕಟ್ಟಿದ ದೊಡ್ಡ 'ಎಚ್', ಹೀಗೆ. ಮರಗಳಿಗಿಂತ ಮೊದಲು ಕಾಡು ಎನ್ನುವುದೇ ಅವರ ಪ್ರಬಂಧದ ತಲೆಬರಹ. ಇದನ್ನು ನಾವು ಕನ್ನಡದಲ್ಲೇ ಮಾಡೋಣ. ನಮ್ಮ ಅಕ್ಷರಗಳೋ ದುಂಡು. ನಾನು ಮೊದಲು 'ಕ್ಷ' ಬರೆಯಹೋಗಿ ಅದು ಜಿಲೇಬಿಯಾಯಿತು. ನೀವು ಆ ಗೋಜಿಗೆ ಹೋಗಬೇಡಿ. 'ಗ' ಮತ್ತು 'ರ' ಸಾಕು.

ಹಂತ 4. ಪೆನ್ಸಿಲಿನಲ್ಲಿ ತೆಳ್ಳಗೆ, 5 ಸೆಂಟಿಮೀಟರ್ ಎತ್ತರದ ಒಂದು 'ರ' ಬರೆಯಿರಿ.

ಹಂತ 5. ಆ ಗೆರೆಯ ಮೇಲೆಯೇ ಸ್ಕೆಚ್ ಪೆನ್ನಿನಿಂದ ಸಣ್ಣ ಸಣ್ಣ 'ಗ'ಗಳನ್ನು ಪೋಣಿಸುತ್ತಾ ಹೋಗಿ. ಹದಿನೈದು ಇಪ್ಪತ್ತಾದರೂ ಇರಲಿ. ಹೊಸಬರು ಎಡವುವುದು ಇಲ್ಲೇ. ಏಳೆಂಟು ಅಕ್ಷರ ವಿರಳವಾಗಿ ಇಟ್ಟರೆ ಕಾಡು ಕಟ್ಟುವುದೇ ಇಲ್ಲ, ಮರಗಳೇ ಕಾಣುತ್ತವೆ. ಒಂದಕ್ಕೊಂದು ಅಂಟಿಸಿದರೆ ಸಣ್ಣಕ್ಷರ ಓದಲಾಗುವುದಿಲ್ಲ.

ಹಂತ 6. ಶಾಯಿ ಒಣಗುವವರೆಗೆ ಕಾದು, ಪೆನ್ಸಿಲ್ ಗೆರೆ ಅಳಿಸಿ.

ಹಂತ 7. ಇದೇ ರೀತಿ ಸಣ್ಣ 'ರ'ಗಳಿಂದ ಒಂದು ದೊಡ್ಡ 'ಗ' ಮಾಡಿ. ಆಮೇಲೆ ಸಣ್ಣ 'ರ'ಗಳ ದೊಡ್ಡ 'ರ', ಸಣ್ಣ 'ಗ'ಗಳ ದೊಡ್ಡ 'ಗ'. ಒಟ್ಟು ನಾಲ್ಕು.

ಹಂತ 8. ನಾಲ್ಕನ್ನೂ ಜೆರಾಕ್ಸ್ ಅಂಗಡಿಗೆ ಒಯ್ದು ನಾಲ್ಕು ನಾಲ್ಕು ಪ್ರತಿ ಮಾಡಿಸಿ, ಕತ್ತರಿಸಿ. ಹದಿನಾರು ಕಾರ್ಡು ಆಯಿತು.

ಹಂತ 9. ಎರಡು ಕಟ್ಟು ಮಾಡಿ. ದೊಡ್ಡಕ್ಷರ, ಸಣ್ಣಕ್ಷರ ಒಂದೇ ಆಗಿರುವ ಎಂಟು ಕಾರ್ಡು ಒಂದು ಕಡೆ. ಬೇರೆ ಬೇರೆಯಾಗಿರುವ ಎಂಟು ಇನ್ನೊಂದು ಕಡೆ. ಎರಡನೆಯದಕ್ಕೆ ಜಗಳದ ಕಟ್ಟು ಎನ್ನೋಣ.

ಹಂತ 10. ಜಗಳದ ಕಟ್ಟನ್ನು ಕಲಸಿ ಜೊತೆಗಾರರ ಕೈಗೆ ಕೊಡಿ. ಕಾರ್ಡನ್ನು ತೋಳಳತೆ ದೂರದಲ್ಲಿ ಹಿಡಿದು, ಒಂದೊಂದಾಗಿ, ದೊಡ್ಡ ಅಕ್ಷರವನ್ನು ಮಾತ್ರ ಜೋರಾಗಿ ಹೇಳಲಿ. ನೀವು ಸಮಯ ನೋಡಿ.

ಹಂತ 11. ಮತ್ತೆ ಕಲಸಿ. ಈಗ ಸಣ್ಣ ಅಕ್ಷರ ಹೇಳಲಿ.

ಹಂತ 12. ಮತ್ತೊಮ್ಮೆ ಸಣ್ಣ ಅಕ್ಷರ. ಕೊನೆಗೆ ಇನ್ನೊಮ್ಮೆ ದೊಡ್ಡದು. ಈ ತಿರುಗುಮುರುಗು ಏಕೆಂದರೆ ಆಡುತ್ತಾ ಆಡುತ್ತಾ ಯಾರಿಗಾದರೂ ಕೈ ಕುದುರುತ್ತದೆ. ದೊಡ್ಡ, ಸಣ್ಣ, ಸಣ್ಣ, ದೊಡ್ಡ ಎಂದು ಆಡಿಸಿದರೆ ಅಭ್ಯಾಸದ ಲಾಭ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಹಂತ 13. ಈಗ ಮೊದಲ ಕಟ್ಟನ್ನು ಕೊಟ್ಟು ಸಣ್ಣ ಅಕ್ಷರ ಹೇಳಿಸಿ. ಆ ಸಮಯವನ್ನೂ ಬರೆದುಕೊಳ್ಳಿ.

ಸಾಮಾನ್ಯವಾಗಿ ಆಗುವುದು ಇಷ್ಟು: ದೊಡ್ಡ ಅಕ್ಷರ ಸರಸರ ಬರುತ್ತದೆ. ಜಗಳದ ಕಟ್ಟಿನಲ್ಲಿ ಸಣ್ಣಕ್ಷರ ಹೇಳುವಾಗ ನಾಲಿಗೆ ತೊಡರುತ್ತದೆ. 'ಗ' ಎನ್ನಲು ಹೊರಟವರ ಬಾಯಲ್ಲಿ 'ರ' ಬಂದು ನಿಲ್ಲುತ್ತದೆ. ಜಗಳವಿಲ್ಲದ ಕಟ್ಟಿನಲ್ಲಿ ಆ ತೊಡರು ಇಲ್ಲ. ನಾವೊನ್ ಅವರಿಗೆ ಸಿಕ್ಕಿದ್ದೂ ಇದೇ. ಇಡಿಯನ್ನು ಹೇಳುವಾಗ ಬಿಡಿ ಅಡ್ಡ ಬರಲಿಲ್ಲ, ಬಿಡಿಯನ್ನು ಹೇಳುವಾಗ ಇಡಿ ಅಡ್ಡ ಬಂತು. ನಿಮ್ಮ ಅಜ್ಜಿಗೆ ಹಾಗಾಗದಿದ್ದರೆ ಗಾಬರಿ ಬೇಡ. ಎಂಟು ಕಾರ್ಡಿನ ಆಟದಲ್ಲಿ ಅದೃಷ್ಟದ ಪಾಲು ಬಹಳ. ಇನ್ನೂ ನಾಲ್ಕು ಜನರನ್ನು ಹಿಡಿದು ಕೂರಿಸಿ.

ಹಂತ 14. ಕಾರ್ಡನ್ನು ಮುಖದಿಂದ ಒಂದು ಗೇಣು ದೂರಕ್ಕೆ ತಂದು ನೋಡಿ.

ಈಗ ಸಣ್ಣ ಅಕ್ಷರಗಳು ಮುಂದೆ ನುಗ್ಗುತ್ತವೆ. ಕಾಡು ಯಾವಾಗಲೂ ಗೆಲ್ಲುತ್ತದೆ ಎಂದು ಬರೆದುಬಿಡುವವರು ಈ ಹಂತ ಮಾಡಿರುವುದಿಲ್ಲ. ತೋಳು ಚಾಚಿ ಹಿಡಿದಾಗ ಹೆಬ್ಬೆರಳಿನ ಅಗಲ ಕಣ್ಣಿಗೆ ಸುಮಾರು 2 ಡಿಗ್ರಿ. ದೊಡ್ಡ ಅಕ್ಷರ ಅಂಥ ಮೂರು ನಾಲ್ಕು ಹೆಬ್ಬೆರಳಿಗಿಂತ ದೊಡ್ಡದಾಗಿ ಕಂಡರೆ ಆಟ ತಿರುಗುತ್ತದೆ ಎಂದು ಕಿಂಚ್ಲಾ ಮತ್ತು ವುಲ್ಫ್ 1979ರಲ್ಲೇ ತೋರಿಸಿದ್ದಾರೆ. ಅಂದರೆ ಕಣ್ಣಿಗೆ ಹದವಾದ ಒಂದು ಅಳತೆ ಇದೆ. ಅದಕ್ಕೆ ಹೊಂದುವುದು ಮೊದಲು ಕಾಣುತ್ತದೆ.

ಗುಂಪಿನಲ್ಲಿ ಕಳೆದುಹೋದ ಅಕ್ಷರ

ಇದು ಚಿಕ್ಕದು, ಐದೇ ನಿಮಿಷ.

ಹಂತ 15. ಹಾಳೆಯ ಎಡಕ್ಕೆ ಒಂದು ಕೂಡಿಸುವ ಚಿಹ್ನೆ ಬರೆಯಿರಿ. ಅದರ ಬಲಕ್ಕೆ 10 ಸೆಂಟಿಮೀಟರ್ ದೂರದಲ್ಲಿ, ಒಂದೂವರೆ ಸೆಂಟಿಮೀಟರ್ ಎತ್ತರದ ಒಂದು ಅಕ್ಷರವನ್ನು ಜೊತೆಗಾರರು ಬರೆಯಲಿ. ಯಾವುದೆಂದು ನಿಮಗೆ ಹೇಳಬಾರದು.

ಹಂತ 16. ಹಾಳೆಯನ್ನು ಎರಡು ಗೇಣು ದೂರ ಹಿಡಿದು ಚಿಹ್ನೆಯನ್ನೇ ದಿಟ್ಟಿಸಿ. ಅಕ್ಷರ ಮಸುಕಾಗಿಯಾದರೂ ಗುರುತು ಸಿಗುತ್ತದೆ.

ಹಂತ 17. ಇನ್ನೊಂದು ಹಾಳೆಯಲ್ಲಿ ಅದೇ ಜಾಗದಲ್ಲಿ ಹೊಸ ಅಕ್ಷರ, ಅದರ ಎಡಬಲಕ್ಕೆ ಒತ್ತಿಕೊಂಡಂತೆ ಒಂದೊಂದು ಅಕ್ಷರ ಬರೆಯಿಸಿ. ಮತ್ತೆ ಚಿಹ್ನೆಯನ್ನು ದಿಟ್ಟಿಸಿ. ಎಚ್ಚರ, ಕಣ್ಣು ತಾನಾಗಿ ಬಲಕ್ಕೆ ಜಾರುತ್ತದೆ. ಜಾರಿದರೆ ಆ ಸಲದ ಲೆಕ್ಕ ಇಲ್ಲ.

ಏನೋ ಅಕ್ಷರಗಳ ಗೊಂಚಲಿದೆ ಎಂದು ಗೊತ್ತಾಗುತ್ತದೆ, ನಡುವಿನದು ಯಾವುದೆಂದು ಹೇಳಲಾಗುವುದಿಲ್ಲ. ಅಕ್ಷರ ಸಣ್ಣದಾಗಲಿಲ್ಲ, ದೂರ ಹೋಗಲಿಲ್ಲ. ಅಕ್ಕಪಕ್ಕದವರು ಬಂದು ಸೇರಿಕೊಂಡರು, ಅಷ್ಟೇ. ನೆದರ್ಲೆಂಡ್ಸ್‌ನ ಹರ್ಮನ್ ಬೌಮಾ 1970ರಲ್ಲಿ ಇದಕ್ಕೊಂದು ಸುಲಭ ಲೆಕ್ಕ ಕೊಟ್ಟರು: ದಿಟ್ಟಿಸುವ ಜಾಗದಿಂದ ಅಕ್ಷರ ಎಷ್ಟು ದೂರವೋ, ಸುಮಾರು ಅದರ ಅರ್ಧದಷ್ಟು ಬಿಡುವು ಸುತ್ತಲೂ ಬೇಕು. ನಿಮ್ಮ ಹಾಳೆಯಲ್ಲಿ ಅದು 5 ಸೆಂಟಿಮೀಟರ್. ಬೇಕಾದರೆ ಅಷ್ಟು ಬಿಟ್ಟು ಬರೆಸಿ ನೋಡಿ.

ಇನ್ನು ಮುಖಗಳು

ಇಡೀ ಆಟದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಆತುರ ಮಾಡಬೇಡಿ.

ಹಂತ 18. ಹಳೆಯ ಪತ್ರಿಕೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಇಬ್ಬರ ಮುಖ ಹುಡುಕಿ. ನಾನು ಆರಿಸಿದ್ದು ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್. ಎರಡೂ ಮುಖ ನೇರವಾಗಿ ನೋಡುತ್ತಿರಬೇಕು, ಹೆಚ್ಚುಕಡಿಮೆ ಒಂದೇ ಅಳತೆ ಇರಬೇಕು. ಕೂಲಿಂಗ್ ಗ್ಲಾಸ್, ಟೋಪಿ ಇರುವುದು ಬೇಡ, ಅದರಿಂದಲೇ ಗುಟ್ಟು ರಟ್ಟಾಗುತ್ತದೆ.

ಹಂತ 19. ಎರಡನ್ನೂ ಮೂಗಿನ ನಡುವಿಗೆ ಸರಿಯಾಗಿ ಅಡ್ಡ ಕತ್ತರಿಸಿ.

ಹಂತ 20. ಒಬ್ಬರ ಮೇಲರ್ಧಕ್ಕೆ ಇನ್ನೊಬ್ಬರ ಕೆಳಗರ್ಧವನ್ನು ಮೂಗಿಗೆ ಮೂಗು ಹೊಂದುವಂತೆ ಜೋಡಿಸಿ. ಗಮ್ ಹಚ್ಚಬೇಡಿ, ಆಮೇಲೆ ಸರಿಸಬೇಕು.

ಹಂತ 21. ಕತ್ತರಿಸುವುದನ್ನು ನೋಡದೆ ಇದ್ದವರನ್ನು ಕರೆದು, "ಮೇಲಿನ ಅರ್ಧ ಯಾರದು?" ಎಂದು ಕೇಳಿ. ಕೆಳಗಿನದನ್ನು ಗಮನಿಸಬೇಡಿ ಎಂದೂ ಹೇಳಿ.

ಹಂತ 22. ಈಗ ಕೆಳಗಿನ ಅರ್ಧವನ್ನು ಪಕ್ಕಕ್ಕೆ ಅರ್ಧ ಮುಖದಷ್ಟು ಸರಿಸಿ, ಅದೇ ಪ್ರಶ್ನೆ ಕೇಳಿ.

ಹಂತ 21ರಲ್ಲಿ ನಮ್ಮ ಮನೆಯಲ್ಲಿ ಸಿಕ್ಕಿದ ಉತ್ತರ, "ಎಲ್ಲೋ ನೋಡಿದ ಹಾಗಿದೆಯಲ್ಲ, ಯಾರೋ ಹೊಸ ನಟನಾ?" ಸರಿಸಿದ ಮರುಕ್ಷಣ, "ಅಯ್ಯೋ, ಅಣ್ಣಾವ್ರು!" ಮೇಲಿನ ಕಾಗದ ಒಂದು ಕೂದಲಷ್ಟೂ ಬದಲಾಗಿರಲಿಲ್ಲ. ಎರಡು ಅರ್ಧ ಕೂಡಿದ ಕೂಡಲೇ ಮಿದುಳು ಅದನ್ನು ಒಂದು ಮುಖ ಎಂದು ತೆಗೆದುಕೊಂಡಿತು, ಮೂರನೆಯವನೊಬ್ಬ ಹುಟ್ಟಿಕೊಂಡ. ಬೇಡವೆಂದರೂ ಕೆಳಗರ್ಧ ಒಳಗೆ ನುಗ್ಗಿತು. ಆಂಡ್ರೂ ಯಂಗ್ ಮತ್ತು ಸಂಗಡಿಗರು 1987ರಲ್ಲಿ ಪ್ರಸಿದ್ಧರ ಮುಖಗಳನ್ನು ಹೀಗೆಯೇ ಕತ್ತರಿಸಿ ಇದನ್ನು ಅಳೆದರು.

ಹಂತ 23. ಮತ್ತೆ ಸರಿಯಾಗಿ ಜೋಡಿಸಿ, ಇಡೀ ಮುಖವನ್ನು ತಲೆಕೆಳಗು ಮಾಡಿ ಇನ್ನೊಬ್ಬರಿಗೆ ತೋರಿಸಿ. ಆ ಅರ್ಧ ಯಾರದೆಂದು ಹೇಳುವುದು ಈಗ ಅಷ್ಟು ಕಷ್ಟವಲ್ಲ. ತಲೆಕೆಳಗಾದ ಮುಖದಲ್ಲಿ ಇಡಿಯ ಹಿಡಿತ ಸಡಿಲ. ಇದರ ಮಜಾ ಮುಂದೆ ನೋಡಿ.

ಹಂತ 24. ಹಲ್ಲು ಕಾಣುವಂತೆ ನಗುತ್ತಿರುವ ನಿಮ್ಮದೇ ಫೋಟೋ ಒಂದನ್ನು ದೊಡ್ಡದಾಗಿ ಎರಡು ಪ್ರತಿ ಪ್ರಿಂಟ್ ತೆಗೆಸಿ. ಆಲ್ಬಮ್ಮಿನ ಮದುವೆ ಫೋಟೋಗೆ ಕತ್ತರಿ ಹಾಕಿ ನನ್ನನ್ನು ಬೈಯಬೇಡಿ.

ಹಂತ 25. ಒಂದು ಪ್ರತಿಯಿಂದ ಎರಡು ಕಣ್ಣು ಮತ್ತು ಬಾಯಿಯನ್ನು ಬೇರೆ ಬೇರೆ ಚೌಕವಾಗಿ ಕತ್ತರಿಸಿ.

ಹಂತ 26. ಒಂದೊಂದು ಚೂರನ್ನೂ ತಲೆಕೆಳಗು ಮಾಡಿ, ಎರಡನೆಯ ಪ್ರತಿಯಲ್ಲಿ ಅದದೇ ಜಾಗದ ಮೇಲೆ ಅಂಟಿಸಿ. ಅಂಟಿಸುವಾಗ ಫೋಟೋವನ್ನು ಆದಷ್ಟು ತಲೆಕೆಳಗಾಗಿಯೇ ಇಟ್ಟುಕೊಳ್ಳಿ. ಕಾರಣ ತಾನಾಗಿ ತಿಳಿಯುತ್ತದೆ.

ಹಂತ 27. ಇಡೀ ಫೋಟೋವನ್ನು ತಲೆಕೆಳಗಾಗಿ ಹಿಡಿದು ತೋರಿಸಿ.

ಹಂತ 28. ನಿಧಾನವಾಗಿ ನೆಟ್ಟಗೆ ತಿರುಗಿಸಿ.

ಅಮ್ಮನಿಗೆ ತಲೆಕೆಳಗಾಗಿ ತೋರಿಸಿದಾಗ "ಚೆನ್ನಾಗಿ ಬಂದಿದೀಯ ಬಿಡು" ಎಂದರು. ತಿರುಗಿಸಿದೆ. ಕೈಯಲ್ಲಿದ್ದ ಸೊಪ್ಪಿನ ಕಟ್ಟು ನೆಲಕ್ಕೆ ಬಿತ್ತು. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ 1980ರಲ್ಲಿ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಫೋಟೋಗೆ ಇದನ್ನೇ ಮಾಡಿದ್ದು. ಇದಕ್ಕೆ ಥ್ಯಾಚರ್ ಭ್ರಮೆ ಎಂದೇ ಹೆಸರು ನಿಂತಿತು. ನೆಟ್ಟಗಿರುವ ಮುಖದಲ್ಲಿ ಕಣ್ಣು, ಮೂಗು, ಬಾಯಿಗಳ ನಡುವಿನ ಸಂಬಂಧ ಒಂದೇ ನೋಟಕ್ಕೆ ಸಿಗುತ್ತದೆ. ತಲೆಕೆಳಗಾದಾಗ ಆ ಸಂಬಂಧ ತಪ್ಪಿಹೋಗಿ, ಕಣ್ಣು ಸರಿ, ಬಾಯಿ ಸರಿ ಎಂದು ಬಿಡಿ ಬಿಡಿಯಾಗಿ ಲೆಕ್ಕ ಹಾಕಿ ಸುಮ್ಮನಾಗುತ್ತೇವೆ. ತಿರುಗಿಸುವಾಗ ಯಾವ ಓರೆಯಲ್ಲಿ ಮುಖ ಇದ್ದಕ್ಕಿದ್ದಂತೆ ವಿಕಾರವಾಯಿತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ಮನೆಗಳ, ವಿಮಾನಗಳ ಚಿತ್ರ ತಲೆಕೆಳಗು ಮಾಡಿದರೂ ಗುರುತಿಸುವುದು ಕಷ್ಟವೇ. ಆದರೆ ಮುಖಕ್ಕೆ ಆಗುವಷ್ಟು ನಷ್ಟ ಅವಕ್ಕಿಲ್ಲ ಎಂದು ರಾಬರ್ಟ್ ಯಿನ್ 1969ರಲ್ಲೇ ಕಂಡಿದ್ದರು. ಮುಖ ನೋಡುವ ನಮ್ಮ ರೀತಿಯೇ ಬೇರೆ.

ಕೊನೆಯ ಹಂತ, ಬಾದಾಮಿಯಲ್ಲಿ

ಹಂತ 29. ಆರನೆಯ ಶತಮಾನದಲ್ಲಿ ಕೊರೆದ ಬಾದಾಮಿಯ ಒಂದನೆಯ ಗುಹೆಯ ಮುಂದೆ ನಿಂತು ದ್ವಾರಪಾಲಕನ ಕಾಲ ಕೆಳಗೆ ನೋಡಿ. ಆನೆ ಮತ್ತು ಎತ್ತು ಎದುರುಬದುರು. ಮೈ ಎರಡು, ತಲೆ ಮಾತ್ರ ಒಂದೇ.

ಹಂತ 30. ಒಂದು ಕಣ್ಣು ಮುಚ್ಚಿ, ಅಂಗೈಯನ್ನು ಗಾಳಿಯಲ್ಲೇ ಹಿಡಿದು ಎತ್ತಿನ ಮೈ ಮರೆಮಾಡಿ. ತಲೆ ಆನೆಯದು. ಅಂಗೈಯನ್ನು ಆನೆಯ ಮೈ ಮೇಲಕ್ಕೆ ಸರಿಸಿ. ಅದೇ ತಲೆ ಈಗ ಎತ್ತಿನದು. ವರ್ತೈಮರ್ ಚುಕ್ಕಿ ಇಡುವುದಕ್ಕೆ ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ ಆ ಶಿಲ್ಪಿ ಈ ಪರೀಕ್ಷೆ ಮುಗಿಸಿಟ್ಟಿದ್ದಾನೆ.

ಕಲ್ಲನ್ನು ಮಾತ್ರ ಮುಟ್ಟಬೇಡಿ. ಅಷ್ಟು ದೂರ ಹೋಗಲಾಗದವರು ಆ ಶಿಲ್ಪದ ಫೋಟೋವನ್ನು ಮೊಬೈಲಿನಲ್ಲಿ ತೆರೆದು, ಮಡಿಸಿದ ಕಾಗದ ಅಡ್ಡ ಇಟ್ಟು ನೋಡಿ. ಅದೂ ಆಗುತ್ತದೆ.