ದುಡಿದು ಬಂದ ಮೈಗೆ ನಾಲ್ಕು ಕಿವಿಮಾತು

ಬೆಳಿಗ್ಗೆ ತುಮಕೂರಿನ ನಮ್ಮ ಮರಳೂರಿನಿಂದ ಹೊರಡೋ ಮಂದಿಯನ್ನು ನೋಡಿ. ಕೆಲವರು ಹಿರೇಹಳ್ಳಿ, ವಸಂತನರಸಾಪುರದ ಫ್ಯಾಕ್ಟರಿಗಳಿಗೆ, ಕೆಲವರು ಬಟವಾಡಿಯ ಎಪಿಎಂಸಿ ಯಾರ್ಡಿಗೆ ಮೂಟೆ ಹೊರೋಕೆ, ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ, ಉಳಿದವರು ಗಾರೆ ಕೆಲಸಕ್ಕೆ. ವ್ಯಾಯಾಮದ ಮಾತೆತ್ತಿದರೆ ಎಲ್ಲರದೂ ಒಂದೇ ಉತ್ತರ: "ದಿನವೆಲ್ಲ ಮೈ ಮುರಿದು ದುಡೀತೀವಿ, ಇನ್ನು ಅದೊಂದು ಬೇರೆ ಕೇಡು." ಬೇಕು ಕಣ್ರಪ್ಪಾ, ಅದೂ ಬೇಕು. ದುಡಿಮೆಯಲ್ಲಿ ಒಂದೇ ಭುಜ, ಒಂದೇ ಸೊಂಟ ಸವೆಯುತ್ತೆ, ಉಳಿದ ಮೈ ಹಾಗೇ ಜಡ್ಡುಗಟ್ಟಿರುತ್ತೆ. ಸಂಜೆ ಸುಸ್ತಾಗಿ ಬಂದ ಮೇಲೆ ಕೈಗೆ ಸಿಕ್ಕಿದ್ದನ್ನು ತಿಂದು, ಸಿಕ್ಕ ಕಡೆ ಬಿದ್ದುಕೊಳ್ಳೋದೇ ಆಗುತ್ತೆ. ಅದಕ್ಕೇ ಏನು ತಿನ್ನಬೇಕು, ಯಾವಾಗ ಕೈಕಾಲು ಆಡಿಸಬೇಕು ಅನ್ನೋದನ್ನ ಸುಸ್ತಾಗೋ ಮೊದಲೇ ತೀರ್ಮಾನ ಮಾಡಿಟ್ಟುಕೊಳ್ಳಿ.

• ಬರೀ ಹೊಟ್ಟೇಲಿ ಬಸ್ಸು ಹತ್ತಬೇಡಿ. ಆರು ಗಂಟೆ ಷಿಫ್ಟಿಗೆ ತಿಂಡಿ ಗಂಟಲಲ್ಲಿ ಇಳಿಯಲ್ಲ ಅನ್ನೋದು ನಿಜ. ಹಾಗಂತ ಒಂದು ಟೀ, ಎರಡು ಬಿಸ್ಕತ್ತಿನಲ್ಲಿ ಹೊರಟರೆ ಹತ್ತು ಗಂಟೆಗೆ ಕೈ ನಡುಗೋಕೆ ಶುರುವಾಗುತ್ತೆ. ಒಂದು ಲೋಟ ರಾಗಿ ಅಂಬಲಿಯಾದರೂ ಕುಡಿದು ಹೊರಡಿ.

• ಅಂಬಲಿಯನ್ನು ಹಿಂದಿನ ರಾತ್ರಿಯೇ ಕಾಯಿಸಿಡಿ. ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿ, ಆಮೇಲೆ ಕುದಿಯೋ ನೀರಿಗೆ ಬಿಡಿ, ನೇರವಾಗಿ ಸುರಿದರೆ ಗಂಟು ಕಟ್ಟುತ್ತೆ. ಬೆಳಿಗ್ಗೆ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ ಸೇರಿಸಿ. ಕೆಲಸಕ್ಕೆ ಒಯ್ಯೋದಾದರೆ ಬಾಟಲಿಯ ಕತ್ತಿನವರೆಗೆ ತುಂಬಬೇಡಿ. ಬಿಸಿಲಿಗೆ ಹುಳಿ ಬಂದು ಒಳಗೇ ಉಬ್ಬಿರುತ್ತೆ, ಮುಚ್ಚಳ ತಿರುಗಿಸಿದ ಕೂಡಲೇ ಯೂನಿಫಾರಂ ಮೇಲೆ ಚಿಮ್ಮುತ್ತೆ. ಸಂಜೆ ಬಂದ ತಕ್ಷಣ ಬಾಟಲಿ ತೊಳೆದು ಬೋರಲು ಹಾಕಿ. ಬ್ಯಾಗಲ್ಲೇ ಮರೆತಿರೋ, ಆ ವಾಸನೆಗೆ ಬಾಟಲಿಯ ಜೊತೆ ಅಂಬಲಿಯನ್ನೂ ಬಿಟ್ಟುಬಿಡ್ತೀರಿ.

• ಇವತ್ತು ಚಿತ್ರಾನ್ನ, ನಾಳೆ ಪುಳಿಯೋಗರೆ, ನಾಡಿದ್ದು ಟೊಮೆಟೊ ಬಾತು ಅಂತ ಅನ್ನಕ್ಕೇ ಬಣ್ಣ ಬದಲಾಯಿಸಿ ಡಬ್ಬಿ ಕಟ್ಟಬೇಡಿ. ಬರೀ ಅನ್ನ ತಿಂದರೆ ಮೂರು ಗಂಟೆಗೆ ತೂಕಡಿಕೆ, ಐದು ಗಂಟೆಗೆ ಮತ್ತೆ ಹಸಿವು. ಡಬ್ಬಿಯ ಮೇಲಿನ ಸಣ್ಣ ತಟ್ಟೆ ಇದೆಯಲ್ಲ, ಅದನ್ನು ಉಪ್ಪಿನಕಾಯಿಗೆ ಅಂತ ಮೀಸಲಿಡಬೇಡಿ. ಅದರ ತುಂಬ ಕಾಳಿನ ಪಲ್ಯವೋ ಬೇಯಿಸಿದ ಮೊಟ್ಟೆಯೋ ಹೋಗಲಿ.

• ಮುದ್ದೆ ಉಂಡೆವಲ್ಲ ಅಂತ ನೀರು ಸಾರಲ್ಲಿ ಕೈ ತೊಳೆದುಕೊಳ್ಳಬೇಡಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಮೂಳೆಗೆ ಒಳ್ಳೇದು, ಒಪ್ಪಿದೆ. ಆದರೆ ಸವೆದ ಮಾಂಸಖಂಡ ತುಂಬಿಕೊಳ್ಳೋಕೆ ಬೇಕಾದ ಪ್ರೋಟೀನು ಅದರಲ್ಲಿ ಇರೋದು ಏಳು ಗ್ರಾಂ ಅಷ್ಟೇ. ಅದೇ ತೂಕದ ಹುರುಳಿಯಲ್ಲಿ 20 ಗ್ರಾಂ ದಾಟುತ್ತೆ. ಮುದ್ದೆಗೆ ಹುರುಳಿಕಾಳಿನ ಬಸ್ಸಾರನ್ನ ಜೋಡಿ ಮಾಡಿದವರಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ, ಹೊಲದಲ್ಲಿ ದುಡಿದ ಮೈಯೇ ಹೇಳಿತ್ತು. ಕಟ್ಟಿನಲ್ಲಿ ಸಾರು ಮಾಡಿ, ಕಾಳನ್ನು ಒಗ್ಗರಣೆ ಹಾಕಿ ಪಲ್ಯ ಮಾಡಿ. ಒಂದೇ ಒಲೆಗೆ ಎರಡು ಅಡುಗೆ, ಗ್ಯಾಸೂ ಉಳಿಯುತ್ತೆ.

• ಶನಿವಾರ ರಾತ್ರಿ ಮರೆಯದೆ ಕಾಳು ನೆನೆಹಾಕಿ. ಹೆಸರುಕಾಳು ಒಂದೇ ದಿನಕ್ಕೆ ಮೊಳಕೆ ಒಡೆಯುತ್ತೆ, ಹುರುಳಿ ನಿಧಾನಸ್ಥ, ಅದಕ್ಕೆ ಇನ್ನೊಂದು ದಿನ ಕೊಡಿ. ನೀರು ಪೂರ್ತಿ ಬಸಿದೇ ಬಟ್ಟೆಯಲ್ಲಿ ಕಟ್ಟಿ, ಇಲ್ಲದಿದ್ದರೆ ಲೋಳೆ ಬಂದು ಎಲ್ಲ ತಿಪ್ಪೆಗೆ. ಮೊಳಕೆ ಬಂದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಗುರುವಾರದ ತನಕ ಡಬ್ಬಿಯ ಚಿಂತೆ ಇಲ್ಲ.

• ಸಿದ್ಧಗಂಗೆಯ ದೊಡ್ಡ ಬುದ್ಧಿಯವರು, ಶಿವಕುಮಾರ ಸ್ವಾಮಿಗಳು, 111 ವರ್ಷ ಬಾಳಿದ್ದು ಮಿತ ಊಟದಿಂದ ಅಂತ ನಮ್ಮೂರಲ್ಲಿ ಎಲ್ಲರೂ ಹೇಳ್ತಾರೆ. ಆ ಮಾತು ಕೇಳಿ 50 ಕೆಜಿ ಮೂಟೆ ಹೊರೋ ಹುಡುಗರು ಒಪ್ಪತ್ತು ಊಟಕ್ಕೆ ಇಳಿಯಬೇಡಿ. ಅವರ ಮಠದಲ್ಲೇ ಸಾವಿರಾರು ಮಕ್ಕಳಿಗೆ ಹೊಟ್ಟೆ ತುಂಬ ಮುದ್ದೆ ಬಡಿಸಿಲ್ಲವೇ? ದುಡಿಯೋರು ತಿನ್ನಬೇಕು. ಎಣ್ಣೆಯಲ್ಲಿ ಕರಿದದ್ದು, ಸಕ್ಕರೆ ಸುರಿದದ್ದು ಕಡಿಮೆ ಮಾಡಿ, ಊಟ ಕಡಿಮೆ ಮಾಡಬೇಡಿ.

• ಸೊಪ್ಪನ್ನು ವಾರಕ್ಕಾಗುವಷ್ಟು ಒಟ್ಟಿಗೆ ತರಬೇಡಿ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಅಗ್ಗ ಅಂತ ಹತ್ತು ಕಟ್ಟು ತಂದು ಆರು ಕಟ್ಟು ಕೊಳೆಸಿದರೆ ಅಗ್ಗ ಎಲ್ಲಿ ಬಂತು? ಅಲ್ಲಿ ಗಟ್ಟಿ ತರಕಾರಿ ತನ್ನಿ, ಸೊಪ್ಪು ಬೀದಿಗೆ ಬರೋ ಗಾಡಿಯಲ್ಲಿ ಸಾಕು. ಟಿವಿ ಮುಂದೆ ಕೂತಾಗ ಬಿಡಿಸಿಟ್ಟುಕೊಳ್ಳಿ. ಸೊಪ್ಪು ಬಿಡಿಸೋ ಬೇಜಾರಿಗೇ ಎಷ್ಟೋ ಮನೆಗಳಲ್ಲಿ ಮಸ್ಸೊಪ್ಪು ತಪ್ಪಿಹೋಗಿದೆ.

• ಹಲಸಿನ ಕಾಲದಲ್ಲಿ ಬೀಜ ಬಿಸಾಡಬೇಡಿ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೇ ಹೆಸರುವಾಸಿ, ಸಿದ್ದು ಹಲಸು ಅಲ್ಲಿಂದಲೇ ಬಂದದ್ದು. ಅಂಥ ಜಿಲ್ಲೆಯವರು ತೊಳೆ ತಿಂದು ಬೀಜ ಚೆಲ್ಲೋದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ. ತೊಳೆದು ನೆರಳಲ್ಲಿ ಒಣಗಿಸಿಡಿ, ಸಾರಿಗೆ ನಾಲ್ಕು ಹಾಕಿದರೆ ಕಾಳಿನ ಖರ್ಚು ತಗ್ಗುತ್ತೆ.

• ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ, ಈ ಮಾತು ನಿಮಗೇ. ಟಾಯ್ಲೆಟ್ಟಿಗೆ ಎದ್ದರೆ ಸೂಪರ್‌ವೈಸರ್ ಮುಖ ನೋಡ್ತಾನೆ, ಟಾರ್ಗೆಟ್ ತಪ್ಪುತ್ತೆ ಅಂತ ನೀರೇ ಕುಡಿಯದೆ ಇರಬೇಡಿ. ತಲೆನೋವು, ಉರಿಮೂತ್ರ, ಮಲಬದ್ಧತೆ, ಮೂರೂ ಜೊತೆಯಾಗಿ ಬರುತ್ತವೆ. ಔಷಧಿ ಅಂಗಡಿಗೆ ಸುರಿಯೋ ದುಡ್ಡು ಯಾವ ಟಾರ್ಗೆಟ್ ಬೋನಸ್ಸಿಗೂ ಸಮ ಆಗಲ್ಲ. ಬಾಟಲಿಯನ್ನು ಮಿಷಿನ್ ಪಕ್ಕದಲ್ಲೇ, ಕಣ್ಣಿಗೆ ಕಾಣೋ ಹಾಗೆ ಇಡಿ. ಗುಟುಕು ಗುಟುಕಾಗಿ ಕುಡಿಯಿರಿ. ಊಟದ ಬಿಡುವಿನಲ್ಲಿ ಮೊದಲು ಟಾಯ್ಲೆಟ್ಟಿಗೆ ಹೋಗಿ, ಆಮೇಲೆ ಡಬ್ಬಿ ಬಿಚ್ಚಿ. ಇಬ್ಬರು ಮೂವರು ಸೇರಿ ಕೇಳಿದರೆ ಸೂಪರ್‌ವೈಸರ್ ದನಿಯೂ ತಗ್ಗುತ್ತೆ.

• ಏಪ್ರಿಲ್ ಬಿಸಿಲಲ್ಲಿ ದುಡಿಯೋರು ಬರೀ ನೀರು ಕುಡಿದರೆ ಸಾಲದು, ಬೆವರಲ್ಲಿ ಉಪ್ಪೂ ಹೋಗಿರುತ್ತೆ. ನೀರು ಮಜ್ಜಿಗೆಗೆ ಉಪ್ಪು, ಕರಿಬೇವು ಹಾಕಿ ಒಯ್ಯಿರಿ. ತೆಂಗಿನ ಸೀಮೆಯಲ್ಲಿದ್ದರೂ ಎಳನೀರು ಈಗ ನಮ್ಮ ಕೈಗೆ ಎಟುಕೋ ಬೆಲೆಯಲ್ಲಿಲ್ಲ. ವಾಂತಿ ಭೇದಿಯಾಗಿ ಸುಸ್ತಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬೇಡಿ, ಉಪ್ಪು ಹೆಚ್ಚಾದರೆ ತೊಂದರೆಯೇ.

• ಊಟ ಮುಗಿದ ತಕ್ಷಣ ಟೀ ಬೇಡ. ತಿಂದ ಸೊಪ್ಪಿನ, ಕಾಳಿನ ಕಬ್ಬಿಣಾಂಶವನ್ನು ಟೀ ಮೈಗೆ ಹತ್ತೋಕೆ ಬಿಡಲ್ಲ. ಒಂದು ಗಂಟೆ ತಡೆದು ಕುಡಿಯಿರಿ. ಊಟದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ.

• ನಾಲ್ಕು ಗಂಟೆಗೆ ಒಂದು ಹಿಡಿ ಹುರಿದ ಕಡಲೆಕಾಯಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳಿ. ಏನೂ ಇಲ್ಲದೆ ಹೊರಬಿದ್ದರೆ ಗುಬ್ಬಿ ಗೇಟ್ ಸರ್ಕಲ್ಲಿನ ಬೋಂಡದ ಬಾಣಲೆ ಬಿಡೋದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ನನ್ನ ಆಕ್ಷೇಪ ಇಲ್ಲ. ಹಬೆಯಲ್ಲಿ ಬೆಂದದ್ದು, ಧಾರಾಳವಾಗಿ ತಿನ್ನಿ. ಅದರ ಮೇಲೆ ವಡೆ ಇಡಿಸಿಕೊಳ್ಳೋದು ಮಾತ್ರ ಸಂಬಳದ ದಿನಕ್ಕಿರಲಿ.

• ಮನೆಗೆ ಬಂದ ಕೂಡಲೇ ಮಂಚಕ್ಕೆ ಒರಗಬೇಡಿ. ಒರಗಿದ್ದು ಐದು ನಿಮಿಷಕ್ಕೆ, ಏಳೋದು ಒಂಬತ್ತಕ್ಕೆ. ಕೈಕಾಲು ಮುಖ ತೊಳೆದು, ಬಟ್ಟೆ ಬದಲಾಯಿಸೋ ಮೊದಲೇ ಹತ್ತು ನಿಮಿಷ ಮೈ ಸಡಿಲ ಮಾಡಿ ಮುಗಿಸಿಬಿಡಿ. ಚಾಪೆಯನ್ನು ಅಟ್ಟದ ಮೇಲೆ ಸುತ್ತಿಡಬೇಡಿ, ಬಾಗಿಲ ಹಿಂದೆ ನಿಲ್ಲಿಸಿ.

• ಕೆಲಸ ನಿಮ್ಮ ಮೈಯನ್ನು ಯಾವ ಕಡೆ ಎಳೆಯುತ್ತೋ ಅದರ ಎದುರು ಕಡೆಗೆ ಎಳೆಯಿರಿ. ನನಗೆ ಗೊತ್ತಿರೋ ವ್ಯಾಯಾಮದ ವಿದ್ಯೆಯೆಲ್ಲ ಇಷ್ಟೇ. ದಿನವಿಡೀ ನಿಂತಿರೋರು, ಹೋಟೆಲ್ ಸಪ್ಲೈಯರು, ಬಟ್ಟೆ ಅಂಗಡಿಯವರು, ಇನ್ನೂ ನಡೆಯೋಕೆ ಹೋಗಬೇಡಿ. ಚಾಪೆಯಲ್ಲಿ ಮಲಗಿ ಕಾಲುಗಳನ್ನು ಗೋಡೆಗೆ ಆನಿಸಿ ಮೇಲೆತ್ತಿ, ಊದಿದ ಪಾದ ಇಳಿಯುತ್ತೆ. ನಿಂತಲ್ಲೇ ಆಗಾಗ ಹಿಮ್ಮಡಿ ಎತ್ತಿ ಇಳಿಸಿ, ಇಲ್ಲದಿದ್ದರೆ ಮೀನಖಂಡದಲ್ಲಿ ರಕ್ತ ನಿಂತು ನರ ಉಬ್ಬುತ್ತೆ. ಹೊಲಿಗೆ ಮಿಷಿನ್ನಿಗೆ ಬಗ್ಗಿ ಕೂರೋರು, ಅಡಿಕೆ ಸುಲಿಯೋಕೆ ಕೂರೋರು ಎದ್ದು ನಡೆಯಬೇಕು, ಎರಡೂ ಮೊಣಕೈ ಹಿಂದಕ್ಕೆ ಎಳೆದು ಎದೆ ತೆರೆಯಬೇಕು. ಗಾರೆಯವರು, ಬಾಂಡ್ಲಿ ಹೊರೋರು ಬೋರಲು ಮಲಗಿ ಅಂಗೈ ಊರಿ ತಲೆ, ಎದೆ ಎತ್ತಿ. ಶಾಲೆಯಲ್ಲಿ ಭುಜಂಗಾಸನ ಅಂತ ಮಾಡಿಸಿದ್ದರಲ್ಲ, ಅದೇ. ದಿನವಿಡೀ ಮುಂದಕ್ಕೆ ಬಗ್ಗಿದ ಬೆನ್ನಿಗೆ ಹಾಯ್ ಅನಿಸುತ್ತೆ.

• ಮೂಟೆ ಎತ್ತುವಾಗ ಮೊಣಕಾಲು ಮಡಿಸಿ, ಮೂಟೆಯನ್ನು ಮೈಗೆ ಒತ್ತಿಕೊಂಡು ಏಳಿ. ಹೊತ್ತುಕೊಂಡೇ ಸೊಂಟ ತಿರುಗಿಸಬೇಡಿ, ಹೆಜ್ಜೆ ತಿರುಗಿಸಿ. ದಿನಕ್ಕೊಮ್ಮೆಯಾದರೂ ಭುಜ ಬದಲಾಯಿಸಿ.

• ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಅಂತ ಡಾಕ್ಟರು ಹೇಳಿದರೆ ಗಾಬರಿಯಾಗಬೇಡಿ. ಕೆಲಸದ ದಿನಗಳಲ್ಲಿ ಮೂರು ದಿನ ಅರ್ಧರ್ಧ ಗಂಟೆ, ರಜೆಯ ದಿನ ಒಂದು ಗಂಟೆ ಅಮಾನಿಕೆರೆ ಸುತ್ತ ನಡೆದರೆ ಲೆಕ್ಕ ಮುಗೀತು. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸು ಸಾಕು. ಕಾಲೆಳೆಯುವಷ್ಟು ಸುಸ್ತಾದ ದಿನ ಬಿಟ್ಟುಬಿಡಿ, ಯಾರೂ ಹಾಜರಿ ಹಾಕ್ತಿಲ್ಲ.

• ಹುಡುಗರೇ, ಜಿಮ್ಮಿಗೆ ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ. ಯುಗಾದಿಗೆ ಸೇರಿ ರಾಮನವಮಿಗೆ ಬಿಟ್ಟವರನ್ನ ಬೇಕಾದಷ್ಟು ನೋಡಿದ್ದೀನಿ. ತಿಂಗಳು ತಿಂಗಳು ಕಟ್ಟಿ. ಲೋಡಿಂಗ್ ಕೆಲಸ ಮಾಡಿ ಬಂದ ರಾತ್ರಿಯೇ ಮತ್ತೆ ಭಾರ ಎತ್ತಬೇಡಿ, ವಾರಕ್ಕೆ ಎರಡು ದಿನ ಬೇಕಾದಷ್ಟಾಯಿತು. ಆ ಪ್ರೋಟೀನ್ ಪುಡಿಯ ಡಬ್ಬಕ್ಕೆ ಕೊಡೋ ದುಡ್ಡಿನಲ್ಲಿ ಎಷ್ಟು ಮೊಟ್ಟೆ, ಎಷ್ಟು ಕಡಲೆಕಾಯಿ ಬರುತ್ತೆ ಅಂತ ಅಂಗಡಿಯಲ್ಲೇ ನಿಂತು ಲೆಕ್ಕ ಹಾಕಿ.

• ಹೆಂಗಸರು ಷಿಫ್ಟು ಮುಗಿಸಿ ಬಂದು ಮತ್ತೆ ಒಲೆ ಮುಂದೆ ನಿಲ್ತೀರಿ, ನಿಮಗೆ ಸಮಯ ಎಲ್ಲಿಂದ ತರೋದು? ಮನೆಯವರಿಂದಲೇ ತರಬೇಕು. ಗಂಡಸರೇ, ಜಿಮ್ಮಿಗೆ ಹೋಗೋ ಮೊದಲು ಮುದ್ದೆ ತಿರುವಿಕೊಡಿ, ಬಕೆಟ್ಟು ಬಟ್ಟೆ ಹಿಂಡಿಕೊಡಿ. ತೋಳಿಗೆ ಅದಕ್ಕಿಂತ ಒಳ್ಳೇ ಕಸರತ್ತು ಸಿಗಲ್ಲ.

• ವಾರದ ರಜೆಯನ್ನು ಪೂರ್ತಿ ನಿದ್ದೆಗೂ ಮೊಬೈಲಿಗೂ ಕೊಡಬೇಡಿ. ಬೆಳಿಗ್ಗೆ ಬಿಸಿಲೇರೋ ಮೊದಲು ಮಕ್ಕಳನ್ನು ಕರೆದುಕೊಂಡು ಮಂದರಗಿರಿಗೆ ಹೋಗಿ, ಮೆಟ್ಟಿಲು ನಾನೂರಕ್ಕೂ ಮೇಲಿವೆ. ಅಷ್ಟು ಆಗದಿದ್ದರೆ ಸಿದ್ಧಗಂಗೆ ಬೆಟ್ಟ. ಬುತ್ತಿ ಕಟ್ಟಿಕೊಂಡು ಹೋಗಿ, ಕೆಳಗಿಳಿದ ಮೇಲೆ ಚಿಪ್ಸು ಪ್ಯಾಕೆಟ್ಟಿಗೆ ಮಕ್ಕಳು ಹಟ ಹಿಡಿಯಲ್ಲ. ಮಂಡಿನೋವು ಇರೋರು ಮೆಟ್ಟಿಲಿನ ತಂಟೆಗೆ ಹೋಗದೆ ನಾಮದ ಚಿಲುಮೆಯಲ್ಲಿ ಮರದ ನೆರಳಲ್ಲಿ ಅಡ್ಡಾಡಿ.

• ನೈಟ್ ಷಿಫ್ಟಿನವರು ಮುಖ್ಯ ಊಟವನ್ನು ಹೊರಡೋ ಮೊದಲೇ ಮಾಡಿ. ನಡುರಾತ್ರಿ ಎರಡು ಗಂಟೆಗೆ ಹೊಟ್ಟೆ ಬಿರಿಯೋ ಹಾಗೆ ಬಿರಿಯಾನಿ ತಿಂದರೆ ಅದು ಬೆಳಗಾದರೂ ಕರಗಲ್ಲ. ಮನೆಗೆ ಬಂದು ಲಘುವಾಗಿ ತಿಂದು, ಕಿಟಕಿಗೆ ಹಳೇ ಕಂಬಳಿ ಇಳಿಬಿಟ್ಟು ಮಲಗಿ. ಅಕ್ಕಪಕ್ಕದವರ ಕುಕ್ಕರ್ ಸೀಟಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ.

• ಮೈಕೈ ನೋವಿಗೆ ದಿನಾ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಬೇಡಿ. ಹೆಸರೂ ಗೊತ್ತಿಲ್ಲದ ಆ ಬಿಡಿ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡ್ತವೆ, ದಿನಗಟ್ಟಲೆ ನುಂಗಿದರೆ ಕಿಡ್ನಿಗೇ ಕುತ್ತು. ಎಣ್ಣೆ ನೀವಿಕೊಂಡು ಬಿಸಿನೀರು ಹಾಕಿಕೊಳ್ಳಿ, ವಾರವಾದರೂ ಬಿಡದ ನೋವಾದರೆ ಡಾಕ್ಟರಿಗೆ ತೋರಿಸಿ. ಇನ್ನೊಂದು ಎಣ್ಣೆ ಇದೆಯಲ್ಲ, ಕ್ವಾರ್ಟರಿನಲ್ಲಿ ಬರೋದು, ಅದು ನೋವು ಮರೆಸುತ್ತೆ, ತೆಗೆಯಲ್ಲ. ನಿದ್ದೆ ಬರಿಸಿದ ಹಾಗೆ ಮಾಡಿ ನಿದ್ದೆ ಕೆಡಿಸುತ್ತೆ, ಜೊತೆಗೆ ಕಬಾಬಿನ ಖರ್ಚು ಬೇರೆ.

• ಹೊರುವಾಗ, ಹತ್ತುವಾಗ ಎದೆ ಬಿಗಿದು ಎಡಗೈಗೋ ದವಡೆಗೋ ನೋವು ಹರಿದರೆ "ಗ್ಯಾಸ್ಟ್ರಿಕ್ಕು" ಅಂತ ಸೋಡಾ ಕುಡಿದು ಕೂರಬೇಡಿ. ಅದೇ ಗಳಿಗೆ ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಿ.

• ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. 12ಕ್ಕಿಂತ ಕೆಳಗಿದ್ದರೆ ಆ ಸುಸ್ತು ಬರೀ ಕೆಲಸದ್ದಲ್ಲ. ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಕೊಡ್ತಾರೆ, ತಂದು ಅಕ್ಕಿ ಡಬ್ಬದ ಹಿಂದೆ ಇಟ್ಟು ಮರೆಯಬೇಡಿ. ಮಲ ಕಪ್ಪಗಾಯಿತು ಅಂತ ಹೆದರಿ ಬಿಡೋದೂ ಬೇಡ, ಆ ಮಾತ್ರೆಗೆ ಹಾಗಾಗೋದು ಸಹಜ.