ಆಟದ ಭವಿಷ್ಯವೂ ಆಪ್ತವಾಕ್ಯವೂ

ಪಂದ್ಯ ಆರಂಭವಾಗುವುದಕ್ಕೆ ಮೊದಲೇ ಅದರ ಫಲವನ್ನು ನುಡಿಯುವ ಚಪಲ ಮನುಷ್ಯನಿಗೆ ಸಹಜವಾದುದು. ಕೊಳ್ಳೇಗಾಲದ ಬಸ್ ನಿಲ್ದಾಣದ ಹೋಟೆಲುಗಳಲ್ಲಿ, ಹನೂರಿನ ಅಂಗಡಿ ಬೀದಿಯಲ್ಲಿ, ಷಡಕ್ಷರದೇವನ ಯಳಂದೂರಿನ ಜಗಲಿಗಳಲ್ಲಿ ಕ್ರಿಕೆಟ್ಟಿನ ಋತು ಬಂದಿತೆಂದರೆ ಪ್ರತಿಯೊಬ್ಬನೂ ದೈವಜ್ಞನೇ. ಪತ್ರಿಕೆ, ದೂರದರ್ಶನ, ಅಂಗೈಯ ಮೊಬೈಲು ಇವುಗಳಿಂದ ಹರಿದುಬರುವ ಅಭಿಪ್ರಾಯಗಳಿಗಂತೂ ಲೆಕ್ಕವಿಲ್ಲ. ಇವುಗಳಲ್ಲಿ ಯಾವುದನ್ನು ನಂಬಬೇಕು, ಎಷ್ಟರಮಟ್ಟಿಗೆ ನಂಬಬೇಕು ಎಂಬುದು ಮೇಲುನೋಟಕ್ಕೆ ವಿನೋದದ ಪ್ರಶ್ನೆ. ಆದರೆ ಪ್ರತಿವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಆರಿಸಿ ಕಳುಹಿಸುವ ಅಧ್ಯಾಪಕರ ಪಾಲಿಗೆ ಅದು ವಿನೋದವಾಗಿ ಉಳಿಯುವುದಿಲ್ಲ.

ನ್ಯಾಯಶಾಸ್ತ್ರವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ. ಶಬ್ದಪ್ರಮಾಣವೆಂದರೆ ಆಪ್ತನಾದವನ ಮಾತು. ಆಪ್ತನೆಂದರೆ ನೆಂಟನೂ ಅಲ್ಲ, ಪ್ರಸಿದ್ಧನೂ ಅಲ್ಲ. ವಸ್ತು ಇರುವಂತೆಯೇ ಅರಿತು, ಅರಿತಂತೆಯೇ ಹೇಳುವವನು. ಕ್ರೀಡೆಯ ವಿಷಯದಲ್ಲಿ ಇಂತಹವನನ್ನು ಗುರುತಿಸುವುದು ಹೇಗೆ? ಹಿಂದೆ ಬ್ಯಾಟು ಹಿಡಿದಿದ್ದವನೆಂಬ ಒಂದೇ ಕಾರಣದಿಂದ ಒಬ್ಬನು ಮುಂದಿನ ಪಂದ್ಯದ ವಿಷಯದಲ್ಲಿ ಆಪ್ತನಾಗಲಾರನು.

ಈ ಸೀಮೆಯಲ್ಲಿ ಆಪ್ತನ ಉದಾಹರಣೆಯನ್ನು ಹುಡುಕುವವರು ಆಟದ ಬಯಲಿಗಿಂತ ಮೊದಲು ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವುದು ಲೇಸು. ಅಲ್ಲಿ ನೂಲು ಬಿಚ್ಚುವವನು ರಾಶಿಯಿಂದ ಒಂದು ಹಿಡಿ ಗೂಡನ್ನು ತೆಗೆದು, ಅಮುಕಿ, ಅಲುಗಿಸಿ, ಇದರ ರೆಂಡಿಟ್ಟ ಎಷ್ಟೆಂದು, ಅಂದರೆ ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕಾದೀತೆಂದು ಮನಸ್ಸಿನಲ್ಲಿಯೇ ನಿಶ್ಚಯಿಸಿ ಬೆಲೆ ಕೂಗುತ್ತಾನೆ. ಇದು ಸ್ಥಾಲೀಪುಲಾಕನ್ಯಾಯ: ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಆದರೆ ಆ ನ್ಯಾಯಕ್ಕೊಂದು ನಿಯಮವಿದೆ. ಪಾತ್ರೆಯ ಅಕ್ಕಿಯೆಲ್ಲ ಒಂದೇ ಜಾತಿಯದಾಗಿರಬೇಕು, ಒಂದೇ ಉರಿಯಲ್ಲಿ ಬೆಂದಿರಬೇಕು. ಗೂಡಿನ ರಾಶಿಯಲ್ಲಿ ಎರಡು ಮನೆಯ ಬೆಳೆ ಬೆರೆತಿದ್ದರೆ ಮೇಲಿನ ಹಿಡಿ ಮೋಸ ಮಾಡುತ್ತದೆ. ಅನುಭವಿಯಾದ ನೂಲುಗಾರ ಇದನ್ನು ಬಲ್ಲವನಾದುದರಿಂದ ರಾಶಿಯ ತಳಕ್ಕೂ ಕೈ ಹಾಕುತ್ತಾನೆ. ಅವನ ಅಂದಾಜು ತಪ್ಪಿದರೆ ಗೂಡು ಬಿಸಿನೀರಿಗೆ ಬಿದ್ದ ದಿನವೇ ಅದು ಬಯಲಾಗುತ್ತದೆ, ನಷ್ಟವೂ ಅವನದೇ. ಒಂದು ಪಂದ್ಯದ ಒಂದು ಶತಕವನ್ನು ಕಂಡು ಆಟಗಾರನ ಹತ್ತು ವರ್ಷಗಳನ್ನು ನುಡಿಯುವವನಿಗೆ ತಳಕ್ಕೆ ಕೈ ಹಾಕುವ ತಾಳ್ಮೆಯಿಲ್ಲ. ತಪ್ಪಿದಾಗ ತೆರಬೇಕಾದ ದಂಡವೂ ಇಲ್ಲ.

ಕಂಡದ್ದು ನಿಜವಾಗಿದ್ದು ಊಹೆ ಮಾತ್ರ ಸುಳ್ಳಾಗುವ ಪ್ರಸಂಗಗಳು ಇನ್ನೂ ಸೂಕ್ಷ್ಮವಾದವು. ಬೆಂಗಳೂರಿನ ಅನಿಲ್ ಕುಂಬ್ಳೆಯವರು 1990ರಲ್ಲಿ ಭಾರತದ ಪರವಾಗಿ ಆಡತೊಡಗಿದಾಗ ಅವರ ಚೆಂಡು ಲೆಗ್‌ಸ್ಪಿನ್ನರನ ಚೆಂಡಿನಂತೆ ತಿರುಗುವುದಿಲ್ಲವೆಂದು ವಿಮರ್ಶಕರು ಹೇಳಿದರು. ಹೇಳಿದ್ದು ಬಹುಮಟ್ಟಿಗೆ ಸತ್ಯವೇ. ಆದುದರಿಂದ ಇವರು ಹೆಚ್ಚು ಕಾಲ ಉಳಿಯಲಾರರು ಎಂದು ಮುಂದುವರಿಸಿದವರ ಮಾತು ಉಳಿಯಲಿಲ್ಲ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಒಂದು ಇನ್ನಿಂಗ್ಸಿನ ಹತ್ತೂ ವಿಕೆಟ್ಟುಗಳನ್ನು 74 ರನ್ನುಗಳಿಗೆ ಕುಂಬ್ಳೆ ಕಿತ್ತರು. 2008ರಲ್ಲಿ ನಿವೃತ್ತರಾಗುವಾಗ ಅವರ ಟೆಸ್ಟ್ ವಿಕೆಟ್ಟುಗಳು 619. ಚೆಂಡು ತಿರುಗದಿರುವುದು ಪ್ರತ್ಯಕ್ಷ. ತಿರುಗದ ಚೆಂಡು ವಿಕೆಟ್ ಕೀಳದು ಎಂಬ ವ್ಯಾಪ್ತಿಯನ್ನು ಮಾತ್ರ ಯಾರೂ ಪರೀಕ್ಷಿಸಿರಲಿಲ್ಲ. ಎತ್ತರ, ವೇಗ, ಪುಟಿತ, ಗುರಿಯ ನಿಖರತೆ ಇವೂ ವಿಕೆಟ್ಟಿಗೆ ಹೇತುಗಳಾಗಬಲ್ಲವು. ತಾರ್ಕಿಕರು ಇಂತಹ ದೋಷವನ್ನು ಸವ್ಯಭಿಚಾರವೆಂದು ಕರೆದರು. ಹೇತು ತನ್ನ ಮನೆಯಲ್ಲಿ ನಿಲ್ಲದೆ ಅಲೆಯುತ್ತದೆಂದು ತಾತ್ಪರ್ಯ.

ಹಾಗೆಂದು ತಪ್ಪಿದ ಭವಿಷ್ಯಗಳೆಲ್ಲ ಮೂರ್ಖತನದ ಭವಿಷ್ಯಗಳೆನ್ನುವುದೂ ನ್ಯಾಯವಲ್ಲ. 1958-59ರಿಂದ 1972-73ರವರೆಗೆ ಸತತವಾಗಿ 15 ವರ್ಷ ರಣಜಿ ಟ್ರೋಫಿಯನ್ನು ಗೆದ್ದಿದ್ದ ಮುಂಬಯಿ ತಂಡ 1974ರಲ್ಲಿ ಬೆಂಗಳೂರಿಗೆ ಸೆಮಿಫೈನಲ್ ಆಡಲು ಬಂದಾಗ, ಮುಂಬಯಿಯೇ ಗೆಲ್ಲುವುದೆಂದವರ ಬಳಿ ಹೊಗೆಯೂ ಇತ್ತು, ಬೆಂಕಿಯೂ ಇತ್ತು. ಎದುರಾಳಿಯಾದ ಕರ್ನಾಟಕಕ್ಕೆ ಹೆಸರೇ ಹೊಸದು. ನಾಡಿಗೆ ಮರುನಾಮಕರಣವಾದುದು ಹಿಂದಿನ ನವೆಂಬರಿನಲ್ಲಿ. ವಿಶ್ವನಾಥರ 162, ಬ್ರಿಜೇಶ್ ಪಟೇಲರ 106 ರನ್ನುಗಳ ಬಲದಿಂದ ಕರ್ನಾಟಕ 385 ಗಳಿಸಿತು. ಪ್ರಸನ್ನರ ನಾಯಕತ್ವದ ತಂಡ ಮುಂಬಯಿಯನ್ನು 307ಕ್ಕೆ ತಡೆದು, ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಫೈನಲಿಗೆ ಹೋಗಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿತು. 15 ವರ್ಷಗಳ ದಾಖಲೆಯನ್ನು ನಂಬಿದವರು ನಂಬಬೇಕಾದುದನ್ನೇ ನಂಬಿದ್ದರು. ಆದರೆ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಒಂದೇ ತಂಡದಲ್ಲಿ ಸೇರಿದ್ದಾರೆಂಬ ಹೊಸ ಸಂಗತಿಗೆ ಹಳೆಯ ದಾಖಲೆಯ ಎದುರು ಎಷ್ಟು ತೂಕ ಕೊಡಬೇಕೆಂಬುದನ್ನು ಅವರು ಯೋಚಿಸಬಹುದಿತ್ತು.

1983ರ ವಿಶ್ವಕಪ್ಪಿನ ಕಥೆಯೂ ಇಂತಹುದೇ. ಹಿಂದಿನ ಎರಡು ವಿಶ್ವಕಪ್ಪುಗಳಲ್ಲಿ ಭಾರತ ಆಡಿದ 6 ಪಂದ್ಯಗಳಲ್ಲಿ ಗೆದ್ದುದು ಒಂದೇ, ಅದೂ ಪೂರ್ವ ಆಫ್ರಿಕಾದ ಮೇಲೆ. ಇಂಗ್ಲೆಂಡಿನ ಮಾಸಪತ್ರಿಕೆಯೊಂದರ ಸಂಪಾದಕರಾದ ಡೇವಿಡ್ ಫ್ರಿತ್ ಅವರು ಭಾರತದ ಅರ್ಹತೆಯನ್ನೇ ಶಂಕಿಸಿ ಬರೆದರು. ಜೂನ್ 25ರಂದು ಭಾರತ 183 ರನ್ನುಗಳನ್ನಷ್ಟೇ ಮಾಡಿ ವೆಸ್ಟ್ ಇಂಡೀಸನ್ನು 140ಕ್ಕೆ ಉರುಳಿಸಿತು. ಕರ್ನಾಟಕದ ರೋಜರ್ ಬಿನ್ನಿ 18 ವಿಕೆಟ್ಟುಗಳಿಂದ ಇಡೀ ಪಂದ್ಯಾವಳಿಯಲ್ಲಿ ಮೊದಲಿಗರಾದರು. ತಾವು ಬರೆದುದನ್ನು ತಾವೇ ತಿನ್ನಬೇಕೆಂದು ಓದುಗರೊಬ್ಬರು ಒತ್ತಾಯಿಸಲು, ಫ್ರಿತ್ ಆ ಕಾಗದವನ್ನು ನಿಜವಾಗಿಯೂ ಬಾಯಿಗಿಟ್ಟು ಅಗಿದು, ಆ ಚಿತ್ರವನ್ನು ತಮ್ಮ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿದರು. ಇಂತಹವನ ಮುಂದಿನ ಮಾತಿಗೆ ಕಿವಿಗೊಡಬಹುದು, ತನ್ನ ತಪ್ಪನ್ನು ಲೆಕ್ಕಕ್ಕೆ ಹಿಡಿದವನಾದುದರಿಂದ.

ಇದಕ್ಕೆ ವಿಪರೀತವಾದುದು ‘ಈ ಸಲ ಕಪ್ ನಮ್ದೇ’ ಎಂಬ ಘೋಷ. 2008ರಿಂದ ಪ್ರತಿವರ್ಷ ಐ.ಪಿ.ಎಲ್. ಆಡಿದ ಬೆಂಗಳೂರು ತಂಡ 2009, 2011, 2016ರ ಫೈನಲುಗಳಲ್ಲಿ ಸೋತು, 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಗೆದ್ದಿತು. ವರ್ಷ ವರ್ಷವೂ ಗೆಲುವನ್ನೇ ನುಡಿದವನ ಮಾತು ಒಮ್ಮೆ ಫಲಿಸಿದರೆ ಅದು ಕಾಕತಾಳೀಯ. ಕಾಗೆ ಕುಳಿತಾಗ ತಾಳೆಯ ಹಣ್ಣು ಬಿದ್ದಂತೆ. ಘೋಷವಾದರೋ ಭವಿಷ್ಯವಲ್ಲ, ಹಾರೈಕೆ. ಹಾರೈಕೆಯಾಗಿ ಅದಕ್ಕೆ ದೋಷವಿಲ್ಲ. ಆದರೆ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಯ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು. ಗೆಲ್ಲುವವರಾರೆಂದು ಲೆಕ್ಕ ಹಾಕಿದವರು ಅಸಂಖ್ಯಾತರು. ಗೆದ್ದ ಮೇಲೆ ಎಷ್ಟು ಜನ ನೆರೆದಾರೆಂಬ ಲೆಕ್ಕ ಮಾತ್ರ ಸಾಲದೆ ಹೋಯಿತು.

ಮಾತನ್ನು ತೂಗುವುದಕ್ಕೆ ಅಳತೆಗೋಲು ಇಲ್ಲದೆ ಇಲ್ಲ. ಗ್ಲೆನ್ ಬ್ರಿಯರ್ ಎಂಬ ಅಮೆರಿಕದ ಹವಾಮಾನ ತಜ್ಞ 1950ರಲ್ಲಿ ಒಂದು ಸರಳ ಕ್ರಮವನ್ನು ಹೇಳಿದ. ಅದು ಪ್ರೌಢಶಾಲೆಯ ಗಣಿತಕ್ಕೆ ಎಟುಕುವಂತಹುದು. ಒಂದು ತಂಡದ ಗೆಲುವು ಶೇಕಡಾ 70ರಷ್ಟು ಸಂಭವವೆಂದು ಒಬ್ಬ ವಿದ್ಯಾರ್ಥಿ ಬರೆದಿಟ್ಟನೆನ್ನಿ. ಗೆದ್ದರೆ ಫಲ 1. ಅವನ ಅಂತರ 0.3, ಅದರ ವರ್ಗ 0.09. ಸೋತರೆ ಫಲ ಸೊನ್ನೆ, ಅಂತರ 0.7, ವರ್ಗ 0.49. ಹಲವು ಪಂದ್ಯಗಳ ಸರಾಸರಿ ಕಡಿಮೆಯಾದಷ್ಟೂ ಮಾತಿಗೆ ಬೆಲೆ ಹೆಚ್ಚು. ಏನೂ ಅರಿಯದೆ ಸದಾ ಅರ್ಧ-ಅರ್ಧ ಎನ್ನುವವನಿಗೂ 0.25 ಬರುತ್ತದೆ. ಮೇಜು ಗುದ್ದಿ ಶೇಕಡಾ 100 ಎಂದವನು ತಪ್ಪಿದರೆ ಪೂರ್ತಿ 1 ದಂಡ! ಆದುದರಿಂದ ಈ ಕ್ರಮದಲ್ಲಿ ಗಟ್ಟಿಗಂಟಲಿಗೆ ಲಾಭವಿಲ್ಲ. 2024ರಲ್ಲಿ ಇದೇ ಬೆಂಗಳೂರು ತಂಡ ಮೊದಲ 8 ಪಂದ್ಯಗಳಲ್ಲಿ 7ನ್ನು ಸೋತಾಗ ಮುಂದಿನ ಸುತ್ತಿನ ಅವಕಾಶ ನೂರಕ್ಕೆ ಒಂದರಷ್ಟೆಂದು ಎಣಿಸಿದವರಿದ್ದರು; ಉಳಿದ ಆರನ್ನೂ ಗೆದ್ದು ತಂಡ ಮುಂದೆ ಹೋಯಿತು. ಇಷ್ಟರಿಂದಲೇ ಆ ಎಣಿಕೆಯನ್ನು ಹಳಿಯುವಂತಿಲ್ಲ. ನೂರಕ್ಕೆ ಒಂದು ಎಂದರೆ ಸೊನ್ನೆ ಎಂದು ಅರ್ಥವಲ್ಲ.

ಭವಿಷ್ಯಕ್ಕೆ ಹಣ ಕಟ್ಟಿಸಿಕೊಳ್ಳುವ ವ್ಯಾಪಾರದ ವಿಷಯದಲ್ಲಿ ಹೆಚ್ಚು ಬರೆಯಬೇಕಾದುದಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಭಾರತ ತಂಡದ ಅಂಗಿಯ ಮೇಲೆ ಹೆಸರಿದ್ದ ಡ್ರೀಮ್ ಇಲೆವೆನ್ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಅದುವರೆಗೆ ಗೆದ್ದವನ ಚಿತ್ರ ಜಾಹೀರಾತಿನಲ್ಲಿ ಬರುತ್ತಿತ್ತು, ಸೋತವರ ಪಟ್ಟಿ ಎಲ್ಲಿಯೂ ಬರುತ್ತಿರಲಿಲ್ಲ.

ಇದುವರೆಗೆ ಹೇಳಿದ ಭವಿಷ್ಯಗಳಿಗೆ ಒಂದು ಸಮಾನ ಲಕ್ಷಣವಿದೆ. ಹೋಟೆಲಿನಲ್ಲಿ ಕುಳಿತವನ ಮಾತಿನಿಂದ ಬೆಂಗಳೂರಿನ ಪಂದ್ಯ ಬದಲಾಗುವುದಿಲ್ಲ. ಶಾಲೆಯ ಅಂಗಳದಲ್ಲಿ ನುಡಿಯುವ ಭವಿಷ್ಯದ ಜಾತಿಯೇ ಬೇರೆ. ಈ ಹುಡುಗನಿಂದ ಆಗದು ಎಂದು ಅಧ್ಯಾಪಕರು ನಿಶ್ಚಯಿಸಿದರೆ ಅವನು ತಂಡಕ್ಕೆ ಸೇರುವುದಿಲ್ಲ, ಸೇರದುದರಿಂದ ಅಭ್ಯಾಸವಿಲ್ಲ, ಅಭ್ಯಾಸವಿಲ್ಲದುದರಿಂದ ಆಗುವುದಿಲ್ಲ. ಮಾತು ತನ್ನ ಸಾಕ್ಷಿಯನ್ನು ತಾನೇ ಹೆತ್ತಿತು. ಕೆನಡಾ ದೇಶದಲ್ಲಿ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಅಲ್ಲಿಯ ಹಿಮದ ಹಾಕಿಯಲ್ಲಿ ಮೇಲೇರಿದ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ವಯೋಮಿತಿಯನ್ನು ಜನವರಿ 1ರಿಂದ ಎಣಿಸುತ್ತಿದ್ದುದರಿಂದ ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು. ತರಬೇತುದಾರರು ಆ ಮೈಯಳತೆಯನ್ನು ಪ್ರತಿಭೆಯೆಂದು ಎಣಿಸಿದರು. ಆಯ್ಕೆಯಾದವರಿಗೆ ಒಳ್ಳೆಯ ಶಿಕ್ಷಣ ದೊರೆತು, ಕಡೆಗೆ ಅವರು ನಿಜವಾಗಿಯೂ ಮುಂದಾದರು. 14 ವರ್ಷದೊಳಗಿನವರ, 17 ವರ್ಷದೊಳಗಿನವರ ತಂಡಗಳನ್ನು ಆರಿಸುವ ಇಲ್ಲಿಯ ಶಾಲೆಗಳೂ ಈ ಬಲೆಯಿಂದ ಹೊರತಲ್ಲ. ಹುಟ್ಟಿದ ದಿನ ತಿಳಿಯದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆಸುತ್ತಿದ್ದ ಕಾಲದ ದಾಖಲೆಯಿಂದ ಇಂತಹ ಪರಿಶೋಧನೆಯೇ ಸಾಧ್ಯವಿಲ್ಲವೆಂಬುದು ಬೇರೆಯ ಮಾತು.

ಮಲೆಯ ಅಂಚಿನ ಹನೂರಿನ ಹಳ್ಳಿಗಳಿಂದ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಿಂದ ಬರುವ ಮಕ್ಕಳ ವಿಷಯದಲ್ಲಿ ಇನ್ನೊಂದು ಊಹೆ ಮೊದಲೇ ಸಿದ್ಧವಾಗಿರುತ್ತದೆ: ಓಡಿಯಾರು, ಆದರೆ ಆಟದ ಸೂಕ್ಷ್ಮ ಅರಿಯರು. ಹತ್ತು ಮಕ್ಕಳನ್ನೂ ಪೂರ್ತಿಯಾಗಿ ನೋಡದೆ ಹುಟ್ಟಿದ ವ್ಯಾಪ್ತಿ ಇದು. ಕೊಳ್ಳೇಗಾಲಕ್ಕೆ ನೆರೆಯಾದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿ 19ರಂದು ದೆಹಲಿಯಲ್ಲಿ ನಡೆದ ಮೊದಲನೆಯ ಖೊಖೊ ವಿಶ್ವಕಪ್ಪಿನ ಫೈನಲಿನಲ್ಲಿ ಭಾರತದ ಮಹಿಳಾ ತಂಡದಲ್ಲಿದ್ದು, ನೇಪಾಳವನ್ನು 78-40ರಿಂದ ಸೋಲಿಸಿದ ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೆನಿಸಿದರು. ಒಬ್ಬರ ಉದಾಹರಣೆಯಿಂದ ಹಳ್ಳಿಯ ಮಕ್ಕಳೆಲ್ಲ ಗೆಲ್ಲುವರೆಂದು ಸಾಧಿಸಿದರೆ ಅದೂ ಒಂದು ಅಗುಳಿನ ತಪ್ಪೇ ಆದೀತು. ಅವರಿಂದ ಆಗದು ಎಂಬ ವ್ಯಾಪ್ತಿಯನ್ನು ಮುರಿಯುವುದಕ್ಕಾದರೆ ಒಂದು ಉದಾಹರಣೆ ಸಾಕು. ಇದು ತರ್ಕದ ಬಾಲಪಾಠ.

ಪ್ರತಿ ಶಾಲೆಯ ದೈಹಿಕ ಶಿಕ್ಷಕರ ಮೇಜಿನ ಮೇಲೆ ಒಂದು ದಪ್ಪ ನೋಟುಬುಕ್ಕು ಇರುವುದು ಕಷ್ಟವಲ್ಲ. ಜೂನ್ ತಿಂಗಳಿನಲ್ಲಿ ಪ್ರತಿಯೊಂದು ಮಗುವಿನ ಹೆಸರಿನ ಎದುರಿಗೆ ಅಧ್ಯಾಪಕರ ಅಂದಾಜನ್ನು ಅಂಕಿಯಲ್ಲಿ, ಅದಕ್ಕೆ ಕಾರಣವನ್ನು ಒಂದು ಸಾಲಿನಲ್ಲಿ, ದಿನಾಂಕದೊಡನೆ ಬರೆಯಬೇಕು. ಆರಿಸದೆ ಬಿಟ್ಟ ಮಕ್ಕಳ ಹೆಸರುಗಳೂ ಅದರಲ್ಲಿರಬೇಕು. ಮರುವರ್ಷ ಆ ಬಿಟ್ಟ ಮಕ್ಕಳಲ್ಲಿ ಕೆಲವರನ್ನಾದರೂ ಮೈದಾನಕ್ಕಿಳಿಸಿ, ಓಟದ ಸಮಯವನ್ನೂ ನೆಗೆತದ ಉದ್ದವನ್ನೂ ಅದೇ ಪುಟದಲ್ಲಿ ಹಳೆಯ ಅಂಕಿಯ ಪಕ್ಕಕ್ಕೆ ಬರೆಯಬೇಕು.