ಮೊಬೈಲಿನ ಅಡುಗೆಮನೆ ಮತ್ತು ಉಗ್ರಾಣ

೨೦೨೦ರ ಮುಂಗಾರಿನಲ್ಲಿ ರಾಜ್ಯ ಸರ್ಕಾರವು ಬೆಳೆ ಸಮೀಕ್ಷೆಯ ಕಾರ್ಯವನ್ನು ರೈತರ ಕೈಗೇ ಒಪ್ಪಿಸಿತು. ರೈತನು ತನ್ನ ಹೊಲದಲ್ಲಿ ನಿಂತು ಬೆಳೆಯ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳುಹಿಸಬೇಕು. ಬೆಳೆವಿಮೆ, ಬರಪರಿಹಾರಗಳಿಗೆ ಆ ದಾಖಲೆ ಆಧಾರವಾಗುತ್ತದೆ. ತಳಕು, ಚಳ್ಳಕೆರೆ, ಮೊಳಕಾಲ್ಮೂರುಗಳಂತಹ ಮಳೆಯಾಶ್ರಿತ ಶೇಂಗಾ ಸೀಮೆಯಲ್ಲಿ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಅಂತಹ ಹೊತ್ತಿನಲ್ಲಿ ಸ್ಥಳವಿಲ್ಲವೆಂದು ಫೋನು ಚಿತ್ರವನ್ನೇ ತೆಗೆಯದಿದ್ದರೆ, ಅಥವಾ ಗಳಿಗೆಗೊಮ್ಮೆ ಸ್ತಬ್ಧವಾದರೆ, ಅದು ಕೆಟ್ಟಿತೆಂದು ಬಗೆದು ಸಾಲಮಾಡಿ ಹೊಸದನ್ನು ಕೊಳ್ಳುವವರುಂಟು. ಎಷ್ಟೋ ಸಲ ಆ ಫೋನಿಗೆ ಬೇಕಾಗಿದ್ದುದು ಒಂದಿಷ್ಟು ತೆರವು ಮಾತ್ರ.

ಅಂಗಡಿಯಲ್ಲಿ "೪ ಜಿಬಿ, ೬೪ ಜಿಬಿ" ಎಂದು ಹೇಳುವ ಎರಡು ಅಂಕಿಗಳು ಎರಡು ಬೇರೆ ವಸ್ತುಗಳನ್ನು ಸೂಚಿಸುತ್ತವೆ. ಮಠದ ದಾಸೋಹವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಕ್ಕಿಬೇಳೆಗಳನ್ನು ಕೂಡಿಟ್ಟಿರುವುದು ಉಗ್ರಾಣದಲ್ಲಿ. ಅಂದಿನ ಅಡುಗೆಗೆ ಬೇಕಾದಷ್ಟನ್ನು ತಂದು ಹರಡಿಕೊಳ್ಳುವುದು ಒಲೆಯ ಮುಂದಿನ ಜಾಗದಲ್ಲಿ. ಆ ಒಲೆಯ ಮುಂದಿನ ಜಾಗವೇ ರ‍್ಯಾಮ್. ಅದು ಅತಿ ವೇಗದ್ದು, ಆದರೆ ಚಿಕ್ಕದು. ಫೋನನ್ನು ಆರಿಸಿದೊಡನೆ ಬರಿದಾಗುತ್ತದೆ. ಉಗ್ರಾಣವಾದ ಸ್ಟೋರೇಜ್ ನಿಧಾನದ್ದು, ಆದರೆ ಇಟ್ಟುದು ಉಳಿಯುತ್ತದೆ.

೨೦೦೮ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ವ್ಯವಸ್ಥೆಯು ರ‍್ಯಾಮನ್ನು ತಾನೇ ನಿರ್ವಹಿಸುತ್ತದೆ. ಜಾಗ ಸಾಲದಾದಾಗ, ಹಿನ್ನೆಲೆಯಲ್ಲಿರುವ ಆ್ಯಪುಗಳ ಪೈಕಿ ಕಡಿಮೆ ಅಗತ್ಯದ್ದನ್ನು ಮೊದಲು ಮುಚ್ಚುತ್ತದೆ. ಆದುದರಿಂದ ಎಲ್ಲ ಆ್ಯಪುಗಳನ್ನೂ ಪದೇ ಪದೇ ಬೆರಳಿನಿಂದ ಸರಿಸಿ ಮುಚ್ಚುವ ಅಭ್ಯಾಸದಿಂದ ಲಾಭವಿಲ್ಲ. ಅವನ್ನು ಮತ್ತೆ ತೆರೆಯುವಾಗ ಉಗ್ರಾಣದಿಂದ ಎಲ್ಲವನ್ನೂ ಹೊಸದಾಗಿ ತರಬೇಕಾಗಿ ಸಮಯವೂ ವಿದ್ಯುತ್ತೂ ಹೆಚ್ಚು ವ್ಯಯವಾಗುತ್ತವೆ. ಜಾಹೀರಾತುಗಳಲ್ಲಿ ಕಾಣುವ 'ವರ್ಚುವಲ್ ರ‍್ಯಾಮ್' ಎಂಬುದೂ ಉಗ್ರಾಣದ ಒಂದು ಮೂಲೆಯೇ. ನಿಜವಾದ ರ‍್ಯಾಮಿನ ವೇಗ ಅದಕ್ಕೆ ಬಾರದು.

ಉಗ್ರಾಣ ತುಂಬಿದರೆ ಫೋನು ಏಕೆ ನಿಧಾನವಾಗಬೇಕು? ಇಲ್ಲಿಯೇ ವಿಷಯದ ಮರ್ಮವಿದೆ. ಫೋನುಗಳಲ್ಲಿರುವುದು ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಅವರು ೧೯೮೭ರಲ್ಲಿ ಪ್ರಕಟಪಡಿಸಿದ ನ್ಯಾಂಡ್ ಫ್ಲ್ಯಾಶ್ ಬಗೆಯ ಸ್ಮೃತಿ. ಇದರಲ್ಲಿ ಬರೆದುದರ ಮೇಲೆ ಮತ್ತೆ ಬರೆಯಲಾಗದು, ಮೊದಲು ಅಳಿಸಬೇಕು. ಬರೆಯುವುದು ಪುಟ ಪುಟವಾಗಿ. ಅಳಿಸುವುದಾದರೋ ಅನೇಕ ಪುಟಗಳ ಇಡೀ ಖಂಡವನ್ನು ಒಮ್ಮೆಗೇ. ಒಂದಕ್ಷರ ತಿದ್ದಲು ಸ್ಲೇಟನ್ನೆಲ್ಲ ಒರೆಸಬೇಕಾದ ಬಾಲಕನ ಪಾಡು ಇದು. ಖಂಡದಲ್ಲಿರುವ ಬೇಕಾದ ಪುಟಗಳನ್ನು ಮೊದಲು ಬೇರೆಡೆಗೆ ನಕಲುಮಾಡಿ, ಅನಂತರ ಅಳಿಸಬೇಕು. ತೆರವು ಸಾಕಷ್ಟಿದ್ದರೆ ಫೋನು ಈ ಕೆಲಸವನ್ನು ಬಿಡುವಿನಲ್ಲಿ ಮಾಡಿಕೊಳ್ಳುತ್ತದೆ. ತೆರವಿಲ್ಲದಿದ್ದರೆ ಚಿತ್ರ ತೆಗೆಯುವ ಕ್ಷಣದಲ್ಲಿಯೇ ಮಾಡಬೇಕಾಗುತ್ತದೆ, ನಾವು ಕಾಯುತ್ತೇವೆ. ಮೇಲಾಗಿ ಪ್ರತಿ ಖಂಡವೂ ಇಂತಿಷ್ಟೇ ಸಲ ಅಳಿಸಲ್ಪಟ್ಟು ಸವೆಯುವುದರಿಂದ, ಸದಾ ತುಂಬಿರುವ ಫೋನಿನ ಆಯುಷ್ಯವೂ ಕುಗ್ಗುತ್ತದೆ.

ನಮ್ಮಲ್ಲಿ ಉಗ್ರಾಣವನ್ನು ತುಂಬಿಸುವವರಲ್ಲಿ 'ಶುಭೋದಯ'ದ ಚಿತ್ರಗಳನ್ನು ಕಳುಹಿಸುವ ಬಂಧುಮಿತ್ರರೇ ಅಗ್ರಗಣ್ಯರು! ವಾಟ್ಸ್ಯಾಪಿನಲ್ಲಿ ಚಿತ್ರ, ವಿಡಿಯೊಗಳು ತಾವಾಗಿಯೇ ಇಳಿಯದಂತೆ ಸೆಟ್ಟಿಂಗಿನಲ್ಲಿ ತಡೆಯಬಹುದು. ಆ್ಯಪಿನ 'ಕ್ಯಾಶ್' ಅಳಿಸಿದರೆ ಹಾನಿಯಿಲ್ಲ, ಅದು ಮತ್ತೆ ಕೂಡುತ್ತದೆ. 'ಡೇಟಾ' ಅಳಿಸಿದರೆ ಮಾತ್ರ ಆ್ಯಪಿನೊಳಗಿನ ಖಾತೆ, ದಾಖಲೆಗಳು ಹೋಗಬಹುದು. ಪಹಣಿ, ಅಂಕಪಟ್ಟಿಗಳ ಚಿತ್ರಗಳನ್ನು ಬೇರೊಂದೆಡೆ ಉಳಿಸಿಕೊಂಡ ಮೇಲೆಯೇ ಅಳಿಸುವ ಕೆಲಸಕ್ಕೆ ಕೈಹಾಕುವುದು ಕ್ಷೇಮ.